ಹೊಡೆದವನಿಗೆ ಸಿಕ್ಕ ಸ್ಕ್ಯಾನ್, ಮಗಳಿಗೆ ಸಿಗದ ಸ್ಕ್ಯಾನ್

ಮಾನ್ಯ ಆರೋಗ್ಯಾಧಿಕಾರಿಗಳೇ,

ನನ್ನ ಅಣ್ಣನ ಎದೆಗೆ ಗುದ್ದಿದವನು ನಾನೇ. ಪೊಲೀಸರಿಗೂ ಹೇಳಿದ್ದೇನೆ, ನ್ಯಾಯಾಲಯದಲ್ಲೂ ಹೇಳುತ್ತೇನೆ. ಆದರೆ ಅವನ ಮಗಳ ಎದೆಯ ಸ್ಕ್ಯಾನಿಗೆ ಮೂರು ಸಲ ಇಲ್ಲವೆಂದವರು ತಾವು. ಇನ್ನೊಂದು ಸಾವಿಗೆ ಮುಹೂರ್ತ ಇಡುತ್ತಿದ್ದೀರಿ ಎಂದು ಊರೆದುರು ಹೇಳಲು ಈ ಪತ್ರ.

ನಮ್ಮದು ಟೈರ್ ಅಂಗಡಿ. ಅಂದು ಪಕ್ಕೆ ಉಬ್ಬಿದ ಟೈರೊಂದಕ್ಕೆ ಗಾಳಿ ತುಂಬಿ ನಾನು ಗಿರಾಕಿಗೆ ಒಪ್ಪಿಸಲು ಹೊರಟಿದ್ದೆ. "ದಾರೀಲಿ ಸಿಡಿದ್ರೆ ನಿಮ್ಮಪ್ಪ ಬಂದು ಉತ್ತರ ಕೊಡ್ತಾನೇನೋ?" ಎಂದು ಅಣ್ಣ ಗಿರಾಕಿಯ ಮುಂದೆಯೇ ಕೆನ್ನೆಗೆ ಬಾರಿಸಿದ. ಇಬ್ಬರಿಗೂ ಒಬ್ಬನೇ ಅಪ್ಪ, ಅವನೂ ಮೂವತ್ತೆಂಟಕ್ಕೆ ಲಾರಿ ಚಕ್ರ ಎತ್ತುವಾಗ ಸತ್ತವನು ಎಂಬುದು ಆ ಸಿಟ್ಟಿನಲ್ಲಿ ಯಾರಿಗೆ ನೆನಪು? ಮೈಯೆಲ್ಲ ಉರಿದು ಗುದ್ದಿದೆ. ಅವನು ಟೈರ್ ಬಿಚ್ಚುವ ಕಬ್ಬಿಣದ ಲಿವರ್ ಎತ್ತಿದ. ಅದು ನನ್ನ ತಲೆಗೆ ಬೀಳಬೇಕಿತ್ತು, ಕೈ ಜಾರಿ ನೆಲಕ್ಕೆ ಬಿತ್ತು. "ಬೆನ್ನು ಸೀಳ್ತಿದೆ ಕಣೋ, ಹಿಡ್ಕೊಳೋ" ಎಂದು ನನ್ನ ಮೇಲೇ ಕುಸಿದ. ಒಂದು ಹನಿ ರಕ್ತವೂ ಹೊರಗೆ ಬರಲಿಲ್ಲ.

ಎಲ್ಲವೂ ಒಳಗೇ ಸುರಿದಿತ್ತು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಮೊದಲೇ ಉಬ್ಬಿತ್ತು, ಅದರ ಗೋಡೆ ಹುಟ್ಟಿನಿಂದಲೇ ದುರ್ಬಲ, ಇದು ವಂಶದಲ್ಲಿ ಬರುವಂಥದು, ರಕ್ತಸಂಬಂಧಿಗಳನ್ನೆಲ್ಲ ಪರೀಕ್ಷಿಸಬೇಕು ಎಂದು ಶವಪರೀಕ್ಷೆಯ ವೈದ್ಯರು ಬರೆದರು. ತಮ್ಮ ಕಚೇರಿ ಮಾತ್ರ ಸಾವಿನ ಕಾರಣದ ಕಾಲಂನಲ್ಲಿ ಒಂದೇ ಪದ ಬರೆಯಿತು: ಹಲ್ಲೆ.

ಅತ್ತಿಗೆ ಈಗ ನನ್ನ ಮುಖ ನೋಡುವುದಿಲ್ಲ. ಆದರೂ ಮಗಳಿಗಾಗಿ ನನ್ನ ಪಕ್ಕದಲ್ಲೇ ತಮ್ಮ ಕಚೇರಿಯ ಸಾಲಿನಲ್ಲಿ ನಿಂತಳು. ತಮ್ಮ ಗುಮಾಸ್ತರು ಆ ಒಂದೇ ಪದದ ಕಾಗದ ನೋಡಿ ನಕ್ಕರು. "ಹೊಡೆದು ಸಾಯ್ಸಿ ಈಗ ಕಾಯಿಲೆ ಅಂತೀರಲ್ರೀ! ವಂಶದ ಕಾಯಿಲೆ ಅಂತ ದಾಖಲೆ ಎಲ್ಲಿದೆ?"

ತಮಾಷೆ ಕೇಳಿ. ಜಾಮೀನು ಸಿಗುವ ಮೊದಲು ಬಂಧನದಲ್ಲಿದ್ದಾಗ ಜೈಲಿನ ವೈದ್ಯರು ಆ ವರದಿ ಓದಿ ನನಗೆ ಸ್ಕ್ಯಾನ್ ಮಾಡಿಸಿದರು. ನನ್ನ ನಾಳ ಗಟ್ಟಿಯಾಗಿದೆಯಂತೆ. ಕೊಂದವನಿಗೆ ಸಿಕ್ಕಿದ್ದು ಹದಿನಾಲ್ಕರ ಹುಡುಗಿಗೆ ಏಕಿಲ್ಲ? ಅವಳೂ ಯಾರದಾದರೂ ಎದೆ ಒಡೆದು ಜೈಲಿಗೆ ಹೋಗಬೇಕೇ? ಅಪ್ಪನದೇ ಎತ್ತರ, ಅಪ್ಪನದೇ ಉದ್ದ ಬೆರಳು; ಈ ಕಾಯಿಲೆಗೆ ಇವೂ ಗುರುತು ಎಂದಿದ್ದರು ಜೈಲಿನ ವೈದ್ಯರು. ಮುಂದಿನ ವಾರ ಶಾಲೆಯ ಓಟಕ್ಕೆ ಹೆಸರು ಕೊಟ್ಟಿದ್ದಾಳೆ.

ಒಂದು ಚಕ್ರ ಸಿಡಿದ ಗಾಡಿ ಬಂದರೆ ಉಳಿದ ಮೂರನ್ನೂ ತಡವಿ ನೋಡದೆ ಅಣ್ಣ ಬಿಡುತ್ತಿರಲಿಲ್ಲ. ತಮ್ಮ ಇಲಾಖೆಗೆ ಒಬ್ಬ ಟೈರಿನವನಷ್ಟು ಬುದ್ಧಿಯೂ ಬೇಡವೇ?

ಹಲ್ಲೆ ಎಂಬ ಪದ ಅಳಿಸಬೇಡಿ. ಬೇಕಿದ್ದರೆ ಎರಡು ಸಲ ಬರೆಯಿರಿ, ಶಿಕ್ಷೆ ನನಗಿರಲಿ. ಅದರ ಕೆಳಗೆ ವೈದ್ಯರ ಸಾಲನ್ನೂ ಸೇರಿಸಿ, ಓಟದ ದಿನಕ್ಕೆ ಮೊದಲು ಅವಳಿಗೆ ಸ್ಕ್ಯಾನ್ ಮಾಡಿಸಿ. ನಾನು ಹೊಡೆದಾಗ ಒಳಗೇನಿದೆಯೆಂದು ನನಗೆ ಗೊತ್ತಿರಲಿಲ್ಲ. ತಮಗೆ ಗೊತ್ತಿದೆ.

ಇಂತಿ,
ಅಣ್ಣನನ್ನು ಹೊಡೆದವನು,
ಅವನ ಮಗಳಿಗೆ ಇನ್ನೂ ಚಿಕ್ಕಪ್ಪ