ತುಂಬಿ ಕೊಟ್ಟ ಬಟ್ಟಲು

ಕೊಚ್‌ಕೋರ್
ಸೆಪ್ಟೆಂಬರ್ 14

ಪ್ರೀತಿಯ ಅಮ್ಮನಿಗೆ,

ನಿನ್ನ ಕನಿಶಾಯ್ ಹೇಳುವ ಸಲಾಂ. ಅಪ್ಪನಿಗೂ ಹೇಳು. ಬೇಸಿಗೆ ಪೂರ್ತಿ ಒಂದು ಸಾಲೂ ಬರೆಯಲಿಲ್ಲ ಎಂದು ಮುನಿಸಿಕೊಂಡಿರುತ್ತೀ, ಕ್ಷಮಿಸು. ಫೋನಿನಲ್ಲಿ ಮಾತಾಡಿದೆವಲ್ಲ ಎಂದು ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ನೀನು "ಚೆನ್ನಾಗಿದೀನಿ, ತಗೋ ಅಪ್ಪನ ಹತ್ರ ಮಾತಾಡು" ಎಂದು ಫೋನು ದಾಟಿಸಿಬಿಡುತ್ತೀ, ನಾನೂ "ಚೆನ್ನಾಗಿದೀನಿ" ಎಂದು ಇಟ್ಟುಬಿಡುತ್ತೇನೆ. ಈ ಬೇಸಿಗೆಯಲ್ಲಿ ನಾನು ಹಾಗೆ ಅಂದದ್ದೆಲ್ಲ ಸುಳ್ಳು. ಈಗ ನಿಜಕ್ಕೂ ಚೆನ್ನಾಗಿದ್ದೇನೆ, ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ಸಿಹಿ ಸುದ್ದಿ. ನನ್ನ ನಾದಿನಿ ಬುರ್ಮಾಳ ಮದುವೆ ಅಕ್ಟೋಬರಿನಲ್ಲಿ. ಮೊನ್ನೆ ಭಾನುವಾರ ಅವಳ ಹೊಸ ಗುಡಾರಕ್ಕೆ ಹೊದಿಸುವ ಉಣ್ಣೆಗಂಬಳಿ ತುಳಿದೆವು. ಸಾಲಿನ ಮುಂದೆ ನಿಂತು ತಾಳ ಹಾಕಿದವಳು ನಿನ್ನ ಮಗಳು. ಕುದಿನೀರು ಹೊಯ್ದ ಉಣ್ಣೆಯನ್ನು ಜೊಂಡಿನ ಚಾಪೆಯಲ್ಲಿ ಸುತ್ತಿ, ಹಗ್ಗ ಬಿಗಿದು, ಬೀದಿಯ ಈ ತುದಿಯಿಂದ ಆ ತುದಿಗೆ ಉರುಳಿಸಿಕೊಂಡು ತುಳಿದೆವು. ನನ್ನ ಬಲಗಾಲು ಒಂದು ಮಾತೂ ಆಡಲಿಲ್ಲ. ಆ ಸುಖ ನಿನಗೆ ಅರ್ಥವಾಗಬೇಕಾದರೆ ಜೂನ್ ತಿಂಗಳಿಂದ ಹೇಳಬೇಕು.

ಜೂನಿನಲ್ಲಿ ಸಹಕಾರ ಸಂಘಕ್ಕೆಂದು ಕಂಬಳಿಯ ಮೇಲೆ ಕಂಬಳಿ ತುಳಿದಿದ್ದೆವು. ನಾನು ಗಟ್ಟಿಗಿತ್ತಿ ಎನ್ನಿಸಿಕೊಳ್ಳುವ ಹುಚ್ಚಿನಲ್ಲಿ ಬೇರೆಯವರ ಸರದಿಯನ್ನೂ ನಾನೇ ತುಳಿದೆ. ಆಮೇಲೆ ಪಾದದ ಮೇಲ್ಭಾಗದಲ್ಲಿ, ಹೆಬ್ಬೆರಳಿನ ಪಕ್ಕದ ಬೆರಳಿನಿಂದ ಸ್ವಲ್ಪ ಹಿಂದೆ, ಒಂದೇ ಒಂದು ಜಾಗದಲ್ಲಿ ನೋವು ಶುರುವಾಯಿತು. ಮೊದಮೊದಲು ಕೂತರೆ ಹೋಗುತ್ತಿತ್ತು. ಹೋಗುತ್ತದಲ್ಲ, ಇದೇನು ಮಹಾ ಎಂದುಕೊಂಡೆ. ಆಮೇಲೆ ಸಂಜೆ ಹೊತ್ತಿಗೆ ಪಾದ ಊದಿಕೊಳ್ಳತೊಡಗಿತು, ಬೂಟು ಹಿಡಿಸಲಿಲ್ಲ. ಕುರಿಬಾಲದ ಕೊಬ್ಬು ಸವರಿ ಉಣ್ಣೆ ಸುತ್ತಿದೆ. ನನ್ನವನು, ಮೆಡೆರ್, ಮಂದೆಯ ಜೊತೆ ಬೆಟ್ಟದ ಹುಲ್ಲುಗಾವಲಿನಲ್ಲಿದ್ದ. ಗಂಡ ಮನೆಯಲ್ಲಿಲ್ಲದಾಗ ಸೊಸೆ ಕಾಲುನೋವು ಎಂದು ಮಲಗಿದರೆ ಊರು ಏನೆನ್ನುತ್ತದೆ ಎಂದು ಬಾಯಿ ಹೊಲಿದುಕೊಂಡೆ.

ಮಾವನ ರಬ್ಬರ್ ಬೂಟು ದೊಡ್ಡದು. ಬಲಗಾಲಿನದನ್ನು ಮೆಲ್ಲಗೆ ಎತ್ತಿಕೊಂಡು ಕೊಟ್ಟಿಗೆಗೆ ಹೋಗಿ ಬರಲು ಹಾಕಿಕೊಳ್ಳತೊಡಗಿದೆ. ನನ್ನ ಲಂಗ ನೆಲ ಗುಡಿಸುವಷ್ಟು ಉದ್ದವಿದ್ದದ್ದರಿಂದ ಯಾರಿಗೂ ಕಾಣಲಿಲ್ಲ. ಮಾವ ವಾರವೆಲ್ಲ ಒಂಟಿ ಬೂಟು ಹಿಡಿದುಕೊಂಡು ಅಂಗಳ ಸುತ್ತಿದರು. "ಇದು ಆ ಕಳ್ಳ ನಾಯಿದೇ ಕೆಲಸ, ನನ್ನ ಬಲಗಾಲಿಂದೇ ಬೇಕಿತ್ತಾ ಅದಕ್ಕೆ" ಎಂದು ನಾಯಿಗೆ ಊಟ ಹಾಕುವುದನ್ನೂ ಬಿಟ್ಟರು. ನಾನು ಪಾಪಪ್ರಜ್ಞೆಯಿಂದ ಅದಕ್ಕೆ ಕದ್ದು ರೊಟ್ಟಿ ಹಾಕುತ್ತಿದ್ದೆ.

ಅಷ್ಟರಲ್ಲಿ ಬುರ್ಮಾಳನ್ನು ಕೇಳಲು ಗಂಡಿನ ಕಡೆಯವರು ಬಂದರು. ಕೋಣೆ ನಿನಗೆ ಗೊತ್ತಲ್ಲ, ಎಷ್ಟು ಉದ್ದ. ಬಾಗಿಲ ಹತ್ತಿರ ಚಹಾದ ನೀರು ಕುದಿಯುವ ಸಮೋವರ್, ಅದರ ಪಕ್ಕ ನಾನು, ಆ ತುದಿಯಲ್ಲಿ ಬೀಗರು. ಅರ್ಧ ಬಟ್ಟಲು ಚಹಾ ಕೊಡಬೇಕು, ಅದು ಮುಗಿಯುತ್ತಲೇ ಎದ್ದು ಹೋಗಿ ಖಾಲಿ ಬಟ್ಟಲು ತರಬೇಕು, ಮತ್ತೆ ಅರ್ಧ ಕೊಡಬೇಕು. ತುಂಬಿದ ಬಟ್ಟಲು ಕೊಟ್ಟರೆ "ಕುಡಿದು ಹೊರಡಿ" ಎಂದ ಹಾಗೆ ಎಂದು ನೀನೇ ನನಗೆ ಕಿವಿ ಹಿಂಡಿ ಕಲಿಸಿದ್ದೆ. ಆ ದಿನ ಪ್ರತಿ ಸಲ ಎದ್ದಾಗಲೂ ಪಾದದೊಳಗೆ ಮೊಳೆ ಹೊಡೆದ ಹಾಗಾಗುತ್ತಿತ್ತು. ಎರಡು ಸುತ್ತು ತಡೆದುಕೊಂಡೆ. ಮೂರನೆಯ ಸುತ್ತಿಗೆ ನನ್ನ ಕೈ ತನ್ನಷ್ಟಕ್ಕೆ ತಾನೇ ಎಲ್ಲ ಬಟ್ಟಲನ್ನೂ ಅಂಚಿನವರೆಗೆ ತುಂಬಿಬಿಟ್ಟಿತು.

ಗಂಡಿನ ತಾಯಿ ಸಾದತ್ ಬಟ್ಟಲನ್ನು ನೋಡಿದರು, ತಮ್ಮ ಗಂಡನನ್ನು ನೋಡಿದರು. "ನಡೀರಿ, ಹೊತ್ತಾಯ್ತು. ಈ ಮನೆಯವರಿಗೆ ಬೇರೆ ಕೆಲ್ಸ ಇರೋ ಹಾಗಿದೆ" ಎಂದು ಎದ್ದರು. ಬೇಯುತ್ತಿದ್ದ ಮಾಂಸ ಹಂಡೆಯಲ್ಲೇ ಉಳಿಯಿತು. ಬುರ್ಮಾ ಮುಖಕ್ಕೆ ಕೈ ಒತ್ತಿಕೊಂಡು ಒಳಗೆ ಓಡಿದಳು.

ಅವರ ಕಾರು ತಿರುವು ದಾಟಿತೋ ಇಲ್ಲವೋ, ಅಂಗಳದಲ್ಲೇ ಅತ್ತೆ ಶುರುಮಾಡಿದರು. "ಬೀಗರನ್ನ ಬಾಗಿಲಿಗೆ ಕಳ್ಸಿದ್ಯಲ್ಲೇ. ಇದನ್ನೇ ಕಲ್ಸಿದ್ದಾ ನಿಮ್ಮಮ್ಮ? ಅವಳ ಮನೇಲಿ ಚಹಾ ಕೊಡೋದು ಹಿಂಗೇನಾ?"

ನನ್ನನ್ನು ಏನು ಬೇಕಾದರೂ ಅನ್ನಲಿ, ನಿನ್ನ ಹೆಸರು ಎತ್ತಿದ್ದಕ್ಕೆ ನನಗೆ ಮೈ ಉರಿಯಿತು. ಉತ್ತರ ಕೊಡಬೇಕೆಂದು ಒಂದು ಹೆಜ್ಜೆ ಮುಂದಿಟ್ಟೆ. ಕಾಲು ನಿಲ್ಲಲಿಲ್ಲ, ಬೇಲಿ ಹಿಡಿದುಕೊಂಡೆ. ಲಂಗ ಮೇಲೆ ಸರಿಯಿತು.

"ಅಗೋ ನನ್ ಬೂಟು" ಎಂದರು ಮಾವ. "ಪಾಪ, ಆ ನಾಯಿ."

ಅತ್ತೆ ಓಡಿ ಬಂದರು. ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ, ಅಮ್ಮ, ತಾವು ನೆಲದ ಮೇಲೆ ಕೂತು ನನ್ನ ಬೂಟು ಬಿಚ್ಚಿದರು. ಸೊಸೆಯ ಕಾಲು ಅತ್ತೆಯ ಮಡಿಲಲ್ಲಿ, ಬೀದಿಯವರೆಲ್ಲ ನೋಡುವ ಹಾಗೆ. ನಾನು ಎಳೆದುಕೊಳ್ಳಲು ಹೋದರೆ ತೊಡೆಗೆ ಒಂದು ಏಟು ಬಿತ್ತು. "ಎಷ್ಟು ದಿನದಿಂದ?" ಎಂದರು. ಹೇಳಿದೆ. "ರಾತ್ರಿ ಮಲಗಿದಾಗ್ಲೂ ನೋಯತ್ತಾ?" ಈಚೆಗೆ ನೋಯುತ್ತದೆ ಎಂದೆ. "ಬಾಯಿ ಇರೋದು ರೊಟ್ಟಿ ತಿನ್ನೋಕೆ ಮಾತ್ರಾನಾ ನಿಂಗೆ?" ಎಂದು ಬೈದರು. ಬೈಗುಳದ ದನಿ ಆಗಲೇ ಬೇರೆಯಾಗಿತ್ತು.

ಮರುದಿನವೇ ನರಿನ್ ಪಟ್ಟಣದ ಆಸ್ಪತ್ರೆ. ಡಾಕ್ಟರ್ ಸಗಿನ್ ಒಂದು ಬೆರಳಿನಿಂದ ಪಾದ ಒತ್ತುತ್ತಾ ಬಂದರು, ಆ ಜಾಗಕ್ಕೆ ಬಂದಾಗ ನಾನು ಅವರ ಮೇಜಿನ ಮೇಲಿದ್ದ ಲೋಟ ಬೀಳಿಸಿದೆ. ಎಕ್ಸ್-ರೇ ಫೋಟೋ ತೆಗೆದರೆ ಏನೂ ಕಾಣಲಿಲ್ಲ. ನನಗೆ ನಾಚಿಕೆಯಾಯಿತು, ಸುಮ್ಮನೆ ನಾಟಕ ಮಾಡಿದ ಹಾಗಾಯಿತಲ್ಲ ಎಂದು. ಅವರೇ ಹೇಳಿದರು: "ಮೂಳೆಯ ಇಂಥ ಸಣ್ಣ ಬಿರುಕು ಶುರುವಿನಲ್ಲಿ ಫೋಟೋದಲ್ಲಿ ಕಾಣೋದಿಲ್ಲಮ್ಮ. ಒಂದೇ ಜಾಗದಲ್ಲಿ ನೋವು, ಭಾರ ಹಾಕಿದರೆ ಜಾಸ್ತಿ, ಸಂಜೆಗೆ ಊತ, ಆಮೇಲೆ ಮಲಗಿದಾಗ್ಲೂ ನೋವು. ಕಾಲು ಇಷ್ಟು ಹೇಳಿದ ಮೇಲೆ ನಾವು ಕೇಳ್ಬೇಕು. ಬೇಗ ಬಂದೆ, ಒಳ್ಳೇದಾಯ್ತು. ಇನ್ನೂ ತುಳೀತಾ ಹೋಗಿದ್ರೆ ಮೂಳೆ ಪೂರ್ತಿ ಬಿಡ್ತಿತ್ತು, ಸೊಟ್ಟಗೆ ಕೂಡ್ಕೋತಿತ್ತು. ಆಮೇಲೆ ಕಂಬಳಿ ತುಳಿಯೋದು ಇರ್ಲಿ, ನೆಟ್ಟಗೆ ನಡೆಯೋದೇ ಕಷ್ಟ ಆಗ್ತಿತ್ತು." ಗಟ್ಟಿ ಅಟ್ಟೆಯ ಬೂಟು ಕೊಟ್ಟರು. ಆರು ವಾರ ತುಳಿಯುವ ಹಾಗಿಲ್ಲ, ಆಮೇಲೂ ಸ್ವಲ್ಪ ಸ್ವಲ್ಪವಾಗಿ, ನೋವು ಬಂದರೆ ಅಲ್ಲಿಗೇ ನಿಲ್ಲಿಸಬೇಕು ಎಂದರು.

ದಾರಿಯಲ್ಲಿ ಅತ್ತೆ ಮಾತಾಡಲಿಲ್ಲ. ಊರು ಬಂತು, ಇಳಿಯಲಿಲ್ಲ. ಅದೇ ಗಾಡಿಯಲ್ಲಿ ನನ್ನನ್ನೂ ಕೂರಿಸಿಕೊಂಡು ನೆಟ್ಟಗೆ ಬೀಗರ ಮನೆಗೆ ಹೋದರು. ಸಾದತ್ ಬಾಗಿಲಲ್ಲೇ ನಿಂತರು, ಬನ್ನಿ ಎನ್ನಲಿಲ್ಲ.

"ಬೀಗಿತ್ತಿ," ಎಂದರು ಅತ್ತೆ, "ನಿಮ್ಮನ್ನ ಎಬ್ಸಿ ಕಳ್ಸಿದ್ದು ನಮ್ಮನೆಯಲ್ಲ, ಈ ಕಾಲು. ನೋಡ್ಕೊಳಿ." ನನ್ನ ಬೂಟನ್ನು ತೋರಿಸಿದರು. "ಇವಳು ಬಾಯ್ಬಿಡ್ಲಿಲ್ಲ, ನಾನು ಕಣ್ಬಿಡ್ಲಿಲ್ಲ. ಬಯ್ಯೋದಿದ್ರೆ ನನ್ನ ಬಯ್ರಿ."

ಸಾದತ್ ಬೂಟನ್ನು ನೋಡಿದರು, ನನ್ನ ಮುಖ ನೋಡಿದರು. "ಮೂರ್ ಸುತ್ತು ಈ ಕಾಲಲ್ಲಿ ಓಡಾಡಿದ್ಯಾ ಹುಡ್ಗಿ?" ಎಂದರು. ಆಮೇಲೆ ಒಳಗೆ ಕರೆದು, ತಾವೇ ಎದ್ದು ನನಗೆ ಚಹಾ ಕೊಟ್ಟರು. ಅರ್ಧ ಬಟ್ಟಲು. ಕುಡಿದೆ, ಮತ್ತೆ ಅರ್ಧ ಬಂತು. ಹೊಟ್ಟೆ ಡೊಳ್ಳಾಗುವವರೆಗೆ ಬಿಡಲಿಲ್ಲ.

ಆರು ವಾರ ನಾನು ರಾಣಿ. ಕೂತಲ್ಲಿಂದ ಉಣ್ಣೆ ಬಿಡಿಸಿದೆ, ಬುರ್ಮಾ ಚಹಾ ಕೊಟ್ಟಳು. ಅವಳು ಎಲ್ಲ ಬಟ್ಟಲಿಂದಲೂ ಚೆಲ್ಲಿದಳು, ನಾನು ಕೂತೇ ಅವಳಿಗೆ ಪಾಠ ಹೇಳಿದೆ. ಮೊನ್ನೆ ಭಾನುವಾರ ಸಾದತ್ ಕೂಡ ಬಂದು ನನ್ನ ಪಕ್ಕದಲ್ಲೇ ಸಾಲಿನಲ್ಲಿ ನಿಂತು ತುಳಿದರು. ಮೆಡೆರ್ ಬೆಟ್ಟದಿಂದ ಇಳಿದವನು ಬಾಯಿ ಬಿಟ್ಟುಕೊಂಡು ನೋಡಿದ. ಕಂಬಳಿ ಬಿಚ್ಚಿ ಹಾಸಿದಾಗ ಒಂದೇ ಒಂದು ತೆಳು ಜಾಗ ಇರಲಿಲ್ಲ. ಮಾವ ಎಲ್ಲರೆದುರು ತಮ್ಮ ಬಲಗಾಲಿನ ಬೂಟನ್ನು ನನಗೆ ಕಾಣಿಕೆ ಕೊಟ್ಟರು. ನಾಯಿಗೆ ದೊಡ್ಡ ಎಲುಬು ಸಿಕ್ಕಿತು.

ಅತ್ತೆ ಅಂಗೈ ಚಾಚಿ ನಿನ್ನ ಮನೆಗೂ ಹರಸಿದ್ದಾರೆ. ನಿಮ್ಮ ಒಲೆ ಆರದಿರಲಿ, ಮಂದೆ ಹೆಚ್ಚಲಿ, ದೂರದ ದಾರಿಗಳೆಲ್ಲ ಹತ್ತಿರವಾಗಲಿ.

ಯಾವಾಗಲೂ ನಿನ್ನವಳೇ,
ಕನಿಶಾಯ್

ಮರೆತಿದ್ದೆ: ಮರೆತಿದ್ದೆ ಎನ್ನುವುದೂ ಸುಳ್ಳು, ಇದನ್ನು ಬರೆಯಲೆಂದೇ ಕೂತದ್ದು. ಡಾಕ್ಟರ್ ಸಗಿನ್ ಆ ದಿನ "ನಿಮ್ಮ ತಾಯಿ ಕಡೆ ಯಾರಿಗಾದ್ರೂ ಕಾಲಿನ ತೊಂದರೆ ಇದೆಯಾ?" ಎಂದು ಕೇಳಿದರು. ಇಲ್ಲ ಎಂದೆ. ಗಾಡಿ ಹತ್ತಿದ ಮೇಲೆ ನೆನಪಾಯಿತು. ಸಂಜೆ ಅಜ್ಜಿಯ ಮನೆ ತುಂಬಿದ್ದ ಅತಿಥಿಗಳಿಗೆಲ್ಲ ಚಹಾ ಕೊಟ್ಟು ಕಳಿಸಿದ ಮೇಲೆ ನೀನು ಕಾಲುವೆಯ ದಂಡೆಯಲ್ಲಿ ಕೂತು ಪಾದಗಳನ್ನು ಹಿಮದ ನೀರಿನಲ್ಲಿ ಇಳಿಬಿಡುತ್ತಿದ್ದೆ. ನಾವು ಮಕ್ಕಳು ಆಟವೆಂದು ಪಕ್ಕದಲ್ಲಿ ಕೂತು ನೀರು ಎರಚುತ್ತಿದ್ದೆವು, ನೀನು ನಗುತ್ತಿದ್ದೆ. ನನ್ನ ತಮ್ಮನಂತೂ ಬೆಟ್ಟದ ಮೇಲಿಂದಲೇ ನಿನ್ನನ್ನು ಗುರುತು ಹಿಡಿಯುತ್ತಿದ್ದ, ಒಂದು ಭುಜ ಇಳಿಸಿ ಒಂದು ಏರಿಸಿ ಬರುತ್ತಿದ್ದದ್ದು ನೀನೊಬ್ಬಳೇ. ಅದು ನೋವು ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ, ಅಮ್ಮ. ಅದು ನಿನ್ನ ನಡಿಗೆ ಎಂದುಕೊಂಡಿದ್ದೆವು.

ಗಾಡಿಯಲ್ಲಿ ಇದನ್ನು ಅತ್ತೆಗೆ ಹೇಳಿದೆ. ಅಂಥ ಕಾಲಲ್ಲೇ ಮನೆತುಂಬ ಚಹಾ ಕೊಟ್ಟವಳ ಹೆಸರನ್ನು ಅಂಗಳದಲ್ಲಿ ಎತ್ತಿಬಿಟ್ಟೆನಲ್ಲ ಎಂದು ಅವರು ಆ ದಾರಿಯಲ್ಲಿ ಮಾತಾಡಲಿಲ್ಲ. ಈಗ ಹೇಳಿ ಕಳಿಸಿದ್ದಾರೆ: ಹಳೆಯ ಮೂಳೆಗೂ ಏನಾದರೂ ಮಾಡಬಹುದಂತೆ, ಸರಿಯಾದ ಬೂಟು ಹಾಕಿದರೂ ಎಷ್ಟೋ ಹಗುರವಾಗುತ್ತದಂತೆ, ಡಾಕ್ಟರ್ ನೋಡಬೇಕಷ್ಟೆ. ಮದುವೆಗೆ ಮುಂಚೆಯೇ ಬಾ. ನಿನ್ನನ್ನು ಬಾಗಿಲಿಗೆ ಎಲ್ಲರಿಗಿಂತ ದೂರ, ದೊಡ್ಡವರ ಜಾಗದಲ್ಲಿ ಕೂರಿಸುತ್ತಾರಂತೆ. ಸಮೋವರ್ ಹತ್ತಿರ ನೀನು ಸುಳಿಯುವ ಹಾಗಿಲ್ಲ. ಕೋಣೆ ಉದ್ದ, ನನ್ನ ಕಾಲು ಗಟ್ಟಿ. ಅರ್ಧರ್ಧ ಬಟ್ಟಲೇ ಕೊಡುತ್ತೇನೆ, ನೀನು ಸಾಕು ಎನ್ನುವವರೆಗೂ ಏಳುತ್ತಲೇ ಇರುತ್ತೇನೆ.