ಬಿಸಿಲು ಕಾಯಿಸುತ್ತಿರುವ ನಿಮ್ಮ ಯಂತ್ರವನ್ನು ಕೆಳಗಿಳಿಸಿ

ವಾಯು ಗುಣಮಟ್ಟ ಮಂಡಳಿಯ ಅಧ್ಯಕ್ಷರಿಗೆ

ಮಾನ್ಯರೇ,

ನಮ್ಮ ಗಾಳಿ ಎಷ್ಟು ಕೆಟ್ಟಿದೆ ಎಂದು ಅಳೆಯುವ ಯಂತ್ರವನ್ನು ನೀವು ಗಾಳಿ ಕೆಡದ ಜಾಗದಲ್ಲಿ ಕೂರಿಸಿದ್ದೀರಿ. ಅದು ತೋರಿಸಿದ ಸಂಖ್ಯೆಯನ್ನು ನಂಬಿ ಕಳೆದ ಮಂಗಳವಾರ ಬೆಳಿಗ್ಗೆ ಶಾಲೆಯೊಂದು ಮಕ್ಕಳನ್ನು ಮೈದಾನದಲ್ಲಿ ಓಡಿಸಿತು. ಓಡಿದವರಲ್ಲಿ ನನ್ನ ಮಗಳೂ ಒಬ್ಬಳು. ಈಗ ಅವಳು ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿಕೊಂಡು ಮಲಗಿದ್ದಾಳೆ. ಸುತ್ತಿ ಬಳಸಿ ಹೇಳುವಷ್ಟು ತಾಳ್ಮೆ ನನ್ನಲ್ಲಿ ಉಳಿದಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ನಾನು ರೋಪ್‌ವೇ ಚಾಲಕ. ನಾಲ್ಕೂ ಕಡೆ ಬೆಟ್ಟ, ನಡುವೆ ಬೋಗುಣಿಯಂಥ ತಗ್ಗು, ತಗ್ಗಿನ ತುಂಬ ನಾವು. ಕೆಳಗಿನ ನಿಲ್ದಾಣ ಮಾರುಕಟ್ಟೆಯ ಹಿಂದೆ, ಮೇಲಿನದು ಬೆಟ್ಟದ ನೆತ್ತಿಯಲ್ಲಿ. ನಡುವೆ ಒಂಬತ್ತು ನಿಮಿಷದ ದಾರಿ. ಹದಿನಾಲ್ಕು ವರ್ಷದಿಂದ ನಾನು ಈ ದಾರಿಯಲ್ಲಿ ಮೇಲೆ ಕೆಳಗೆ ಮಾಡುತ್ತಿದ್ದೇನೆ. ಉಕ್ಕಿನ ಹಗ್ಗ ಬಿಸಿಗೆ ಸಡಿಲವಾಗುತ್ತದೆ, ಚಳಿಗೆ ಬಿಗಿಯುತ್ತದೆ. ಹಾಗಾಗಿ ಮೊದಲ ಕ್ಯಾಬಿನ್ ಹೊರಡುವ ಮುಂಚೆ ಎರಡೂ ನಿಲ್ದಾಣಗಳ ಉಷ್ಣಾಂಶವನ್ನು ಪುಸ್ತಕದಲ್ಲಿ ಬರೆದುಕೊಂಡು ಹಗ್ಗದ ಬಿಗಿತ ನೋಡಬೇಕೆಂಬುದು ನಮ್ಮಲ್ಲಿ ತಪ್ಪದ ಕ್ರಮ. ನಿಮ್ಮ ಮಂಡಳಿಯ ವರದಿಗಳಲ್ಲಿ ಇಲ್ಲದ ಸತ್ಯ, ಎಣ್ಣೆ ಮೆತ್ತಿದ ಈ ಪುಸ್ತಕದಲ್ಲಿದೆ.

ಮೇಲೆ ಹೋದಷ್ಟೂ ಚಳಿ ಎಂದು ಶಾಲೆಯಲ್ಲಿ ಓದಿದ್ದೆ. ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಕೆಳಗೆ ಎರಡು ಡಿಗ್ರಿ, ಮೇಲೆ ಹತ್ತು ಡಿಗ್ರಿ ತೋರಿಸಿತು. ಥರ್ಮಾಮೀಟರ್ ಕೆಟ್ಟಿದೆ, ಹೊಸದು ಕೊಡಿ ಎಂದು ಅರ್ಜಿ ಬರೆದೆ. ನಮ್ಮ ಹಿರಿಯ ಫಿಟ್ಟರ್ ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಥರ್ಮಾಮೀಟರ್ ಗಟ್ಟಿಮುಟ್ಟಾಗಿದೆ ಮಾರಾಯ, ಊರಿಗೇ ಮುಚ್ಚಳ ಬಿದ್ದಿದೆ!" ಅಂದರು. ಆಮೇಲೆ ಬಿಡಿಸಿ ಹೇಳಿದರು. ಚಳಿಗಾಲದ ರಾತ್ರಿ ಬೆಟ್ಟದ ಮೈ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಭಾರ, ಅದು ಇಳಿಜಾರಿನಲ್ಲಿ ಜಾರಿ ಬಂದು ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ. ಬಿರುಗಾಳಿಯೋ ಮಳೆಯೋ ಬಂದು ಕದಲಿಸುವ ತನಕ ನಮ್ಮ ಒಲೆಗಳ ಹೊಗೆ, ಇಟ್ಟಿಗೆ ಗೂಡುಗಳ ಹೊಗೆ, ಬಸ್ಸು ಲಾರಿಗಳ ಹೊಗೆ ಎಲ್ಲವೂ ಒಳಗೇ ಸುತ್ತುತ್ತಿರುತ್ತದೆ. ಹೊಗೆ ದಟ್ಟವಾದರೆ ಬಿಸಿಲು ನೆಲಕ್ಕೆ ಇಳಿಯುವುದಿಲ್ಲ, ನೆಲ ಕಾಯದಿದ್ದರೆ ಮುಚ್ಚಳ ಏಳುವುದಿಲ್ಲ. ಐದನೇ ಕಂಬದ ಹತ್ತಿರ ನಮ್ಮ ಕ್ಯಾಬಿನ್ ಈ ಮುಚ್ಚಳ ದಾಟುತ್ತದೆ. ಅಲ್ಲಿಯವರೆಗೆ ಕೆಮ್ಮುತ್ತಿದ್ದ ಪ್ರಯಾಣಿಕರು ನೀಲಿ ಆಕಾಶ ನೋಡಿ "ಅಬ್ಬಾ" ಅನ್ನುತ್ತಾರೆ. ಕೆಳಗೆ ನೋಡಿದರೆ ಊರೇ ಇಲ್ಲ.

ಇನ್ನು ನನ್ನ ಪಾಲಿನ ತಪ್ಪನ್ನೂ ಹೇಳಿಬಿಡುತ್ತೇನೆ, ಅದನ್ನು ನುಂಗಿಕೊಂಡು ನಿಮ್ಮನ್ನು ಬೈಯುವ ಮುಖ ನನಗಿಲ್ಲ. ಮೂರು ವರ್ಷದ ಹಿಂದೆ ನಿಮ್ಮ ಎಂಜಿನಿಯರೊಬ್ಬರು ಆ ಯಂತ್ರದ ಪೆಟ್ಟಿಗೆ ಹಿಡಿದು ಬಂದರು. ಊರಿನ ಈ ಭಾಗದ ನಾಲ್ಕು ಲಕ್ಷ ಜನಕ್ಕೆ ಅದೊಂದೇ ಯಂತ್ರ.

"ಕೆಳಗಿನ ನಿಲ್ದಾಣದ ಚಾವಣಿ ಮೇಲೆ ಕೂರಿಸಬೇಕು ಅಂತ ಆದೇಶ ಇದೆ," ಅಂದರು.

"ಕೆಳಗೆ ಬೇಡ ಸಾರ್," ಅಂದೆ. "ಅಲ್ಲಿ ಮಸಿ ಕೂತು ಕೂತು ನಮ್ಮ ಮೋಟಾರನ್ನೇ ವಾರಕ್ಕೊಂದ್ಸಲ ಬಿಚ್ಚಿ ಒರೆಸ್ತೀವಿ. ಇಷ್ಟು ಸೂಕ್ಷ್ಮದ ಯಂತ್ರ ತಡೆಯುತ್ತಾ? ಮೇಲಿಡಿ, ಹತ್ತು ವರ್ಷ ಆದ್ರೂ ಹೊಸದಾಗೇ ಇರುತ್ತೆ."

"ಹೌದಲ್ರೀ, ರಿಪೇರಿ ತಾಪತ್ರಯನೇ ಇರಲ್ಲ!" ಎಂದು ಅವರು ನನ್ನ ಬೆನ್ನು ತಟ್ಟಿದರು.

ಯಂತ್ರ ಕಂಡರೆ ಧೂಳು ತಾಗದಂತೆ ಮುಚ್ಚಿಡಬೇಕು, ಇದು ನಮ್ಮ ಕಸುಬಿನವರ ರಕ್ತದಲ್ಲೇ ಇದೆ. ಕಂಬಳಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ತೊಡೆಯ ಮೇಲಿಟ್ಟುಕೊಂಡು ನಾನೇ ಅದನ್ನು ಮೇಲಕ್ಕೆ ಒಯ್ದೆ. ಧೂಳು ಅಳೆಯುವ ಯಂತ್ರಕ್ಕೆ ಧೂಳು ತಾಗದಿರಲಿ ಎಂದು ಸಲಹೆ ಕೊಟ್ಟ ಬುದ್ಧಿವಂತ ನಾನೇ. ಆದರೆ ಸ್ವಾಮಿ, ನಾನು ಸ್ಪ್ಯಾನರ್ ಹಿಡಿಯುವವನು. ನಿಮ್ಮ ಕಚೇರಿಯಲ್ಲಿ ಎಷ್ಟು ಜನ ಡಾಕ್ಟರೇಟು ಪಡೆದವರಿದ್ದಾರೆ? ಅವರಲ್ಲಿ ಒಬ್ಬರಿಗಾದರೂ, ಸ್ಥಳ ಬದಲಾವಣೆಯ ಕಾಗದಕ್ಕೆ ಸಹಿ ಹಾಕುವಾಗ ಪೆನ್ನು ತಡೆಯಲಿಲ್ಲವೇ? ಅಥವಾ ವರ್ಷವಿಡೀ "ಉತ್ತಮ" ಎಂದು ತೋರಿಸುವ ಯಂತ್ರವನ್ನು ಕದಲಿಸುವುದೇಕೆ ಎಂದು ಸುಮ್ಮನಾದಿರೋ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ಕೇಳಿದ್ದೇನೆ. ನೀವು ಎಮ್ಮೆಯ ನಾಡಿ ಹಿಡಿದು ನೋಡಿ ಎತ್ತಿಗೆ ಜ್ವರವಿಲ್ಲ ಎಂದು ಬರೆದುಕೊಟ್ಟಿರಿ.

ನನ್ನ ಮಗಳಿಗೆ ಒಂಬತ್ತು ವರ್ಷ. ಬಾಯಿಗೆ ಬಿಡುವಿಲ್ಲದ ಕಾರಣ ನಮ್ಮಮ್ಮ ಅವಳಿಗೆ ಇಟ್ಟ ಅಡ್ಡಹೆಸರು ರೇಡಿಯೊ. ಮೂರು ಚಳಿಗಾಲದಿಂದ ಅವಳಿಗೆ ಉಬ್ಬಸ. ಸಂಖ್ಯೆ ನೂರೈವತ್ತು ದಾಟಿದರೆ ಮಕ್ಕಳನ್ನು ಹೊರಗೆ ಬಿಡಬಾರದು ಎಂಬುದು ಶಾಲೆಗಳಿಗೆ ನೀವೇ ಹೊರಡಿಸಿದ ನಿಯಮ. ಮಂಗಳವಾರ, ನಿಮ್ಮ ಯಂತ್ರದ ಸಂಖ್ಯೆ ಮೂಡುವ ಶಾಲೆಯ ಗೇಟಿನ ಬೋರ್ಡಿನಲ್ಲಿ ಮೂವತ್ತೆಂಟು, ಉತ್ತಮ ಎಂದಿತ್ತು, ಪಕ್ಕದಲ್ಲಿ ಹಸಿರು ದೀಪ. "ಧ್ವಜದ ಕಂಬನೇ ನನಗೆ ಕಾಣ್ತಿರಲಿಲ್ಲ," ಎಂದು ಮುಖ್ಯೋಪಾಧ್ಯಾಯಿನಿ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಅತ್ತರು. "ಆದ್ರೆ ಬೋರ್ಡಲ್ಲಿ ಉತ್ತಮ ಅಂತಿತ್ತು. ಕ್ರೀಡಾ ತರಬೇತಿ ಯಾಕೆ ನಿಲ್ಲಿಸಿದ್ರಿ ಅಂತ ಮೇಲಿನವರು ಕೇಳಿದ್ರೆ ನಾನೇನು ಹೇಳ್ಲಿ?" ಆಕೆಯನ್ನು ಬೈಯಲೆಂದೇ ಹೋಗಿದ್ದೆ, ಬೈಯಲಾಗಲಿಲ್ಲ. ಎರಡನೇ ಸುತ್ತಿನಲ್ಲಿ ನನ್ನ ಮಗಳು ಕುಸಿದು ಕೂತಳಂತೆ. ತುಟಿ ನೀಲಿಯಾಗಿತ್ತಂತೆ.

ಅದೇ ಹೊತ್ತಿನಲ್ಲಿ ನಾನು ಎಲ್ಲಿದ್ದೆ ಗೊತ್ತೇ? ಮೇಲಿನ ನಿಲ್ದಾಣದಲ್ಲಿ, ಬೆಚ್ಚಗಿನ ಬಿಸಿಲಿನಲ್ಲಿ, ನಿಮ್ಮ ಯಂತ್ರದ ಗಾಜನ್ನು ಬಟ್ಟೆಯಿಂದ ಒರೆಸುತ್ತಿದ್ದೆ. ಯಾರೂ ಹೇಳಿರಲಿಲ್ಲ, ದಿನಾ ಒರೆಸುವುದು ಅಭ್ಯಾಸವಾಗಿತ್ತು. ಗಾಜಿನೊಳಗೆ ಮೂವತ್ತೆಂಟು ಎಂಬುದನ್ನು ನಾನೂ ಓದಿದೆ. ಆ ದಿನದ ನಮ್ಮ ಪುಸ್ತಕದಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: ಕೆಳಗೆ ಒಂದು ಡಿಗ್ರಿ, ಮೇಲೆ ಹನ್ನೊಂದು, ಗಾಳಿ ಇಲ್ಲ. ಹದಿನಾಲ್ಕು ವರ್ಷ ಇದನ್ನೇ ಬರೆದವನಿಗೆ ಅದರ ಅರ್ಥ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹಗ್ಗದ ಬಿಗಿತ ನೋಡಿದೆ, ಮಗಳ ಎದೆಯ ಬಿಗಿತದ ಬಗ್ಗೆ ಯೋಚಿಸಲಿಲ್ಲ.

ಮಾರನೆಯ ದಿನ ಪುಸ್ತಕ ಹಿಡಿದು ನಿಮ್ಮ ಕಚೇರಿಗೆ ಬಂದೆ. ಕಿಟಕಿಯಲ್ಲಿದ್ದ ಗುಮಾಸ್ತರು ಕಂಪ್ಯೂಟರ್ ನೋಡಿ, "ಯಂತ್ರ ಸರಿಯಾಗೇ ಕೆಲಸ ಮಾಡ್ತಿದೆಯಲ್ರೀ, ದೂರು ಏನು?" ಅಂದರು.

"ಯಂತ್ರ ಸರಿಯಾಗಿದೆ, ಇಟ್ಟಿರೋ ಜಾಗ ತಪ್ಪು."

"ಜಾಗದ ವಿಷಯ ನಮ್ದಲ್ಲ. ಚಳಿಗಾಲದಲ್ಲಿ ಗಾಳಿ ನಿಲ್ಲುತ್ತೆ, ಅದಕ್ಕೆ ಮಂಡಳಿ ಏನು ಮಾಡೋಕಾಗುತ್ತೆ?"

ಇದು ಅವರೊಬ್ಬರ ಮಾತಲ್ಲ, ನಿಮ್ಮ ಪತ್ರಿಕಾ ಹೇಳಿಕೆಗಳಲ್ಲೂ ಇದೇ ರಾಗ. ಕಳೆದ ತಿಂಗಳು ಎರಡು ದಿನ ಮಳೆ ಬಂದು ಊರು ತೊಳೆದುಹೋಯಿತು. "ಮಂಡಳಿಯ ದಿಟ್ಟ ಕ್ರಮಗಳ ಫಲ" ಎಂದಿರಿ. ಮುಂದಿನ ವಾರ ಗಾಳಿ ನಿಂತು ಜನ ಕೆಮ್ಮತೊಡಗಿದಾಗ "ಪ್ರಕೃತಿಯ ವೈಪರೀತ್ಯ" ಎಂದಿರಿ. ಬೀಸಿದ ಗಾಳಿ ನಿಮ್ಮದು, ನಿಂತ ಗಾಳಿ ದೇವರದ್ದೇ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳಾದರೂ ಕುಣಿಯಲು ಕಾಲೆತ್ತಿದ್ದಳು. ಹವಾಮಾನ ನಿಮ್ಮ ಕೈಯಲ್ಲಿಲ್ಲ, ಒಪ್ಪಿದೆ. ಆದರೆ ಮುಚ್ಚಳ ಬೀಳುವ ದಿನ ನಾಲ್ಕೈದು ದಿನ ಮುಂಚೆಯೇ ಗೊತ್ತಾಗುತ್ತದೆ. ಪಾತ್ರೆಗೆ ಮುಚ್ಚಳ ಬೀಳುವುದನ್ನು ತಡೆಯಲಾಗದಿದ್ದರೆ ಕೆಳಗಿನ ಉರಿಯನ್ನಾದರೂ ಸಣ್ಣ ಮಾಡಬೇಡವೇ? ಅಡುಗೆ ಮನೆಯಲ್ಲಿ ಯಾರಿಗೆ ಬೇಕಾದರೂ ತಿಳಿಯುವ ವಿಷಯವಿದು.

ನಿನ್ನೆ ಮಧ್ಯಾಹ್ನ ಮಗಳ ಪಕ್ಕದಲ್ಲಿ ಕೂತಿದ್ದೆ. ಒಂದೇ ಉಸಿರಿನಲ್ಲಿ ಇಡೀ ಶಾಲೆಯ ಸುದ್ದಿ ಒಪ್ಪಿಸುತ್ತಿದ್ದ ರೇಡಿಯೊ ಈಗ ಎರಡು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಾಳೆ.

"ಅಪ್ಪಾ, ಮೇಲೆ... ಇವತ್ತು ಬಿಸಿಲಿತ್ತಾ?" ಅಂದಳು.

"ಇತ್ತು ಕಣಮ್ಮ."

"ಹಾಗಾದ್ರೆ... ಯಂತ್ರ ಸುಳ್ಳು ಹೇಳಿಲ್ಲ. ಅದಕ್ಕೆ ನಾವು... ಕಾಣಲ್ಲ, ಅಷ್ಟೇ."

ಯಂತ್ರದ ಪರವಾಗಿ ಒಂಬತ್ತು ವರ್ಷದ ಹುಡುಗಿ ವಾದಿಸಿದ್ದಾಳೆ. ನಿಮ್ಮ ಪರವಾಗಿ ವಾದಿಸುವವರು ಯಾರು?

ಬರುವ ಶುಕ್ರವಾರದಿಂದ ಐದು ದಿನ ನಿರ್ಮಲ ಆಕಾಶ, ಗಾಳಿಯಿಲ್ಲ, ತೀವ್ರ ಚಳಿ ಎಂದು ಹವಾಮಾನ ಇಲಾಖೆ ಹೇಳಿದೆ. ಪ್ರವಾಸಿಗರಿಗೆ ಅದು ಸಂತೋಷದ ಸುದ್ದಿ. ಇನ್ನೊಂದು ಸಲ ಹೀಗಾದರೆ ತಡೆದುಕೊಳ್ಳುವ ಶಕ್ತಿ ಇವಳ ಎದೆಗೆ ಇಲ್ಲ ಎಂದು ವೈದ್ಯರು ನನ್ನನ್ನು ಹೊರಗೆ ಕರೆದು ಹೇಳಿದ್ದಾರೆ. ಊರು ಬಿಡಿ ಎಂದೂ ಹೇಳಿದರು. ನಾನು ಬಿಟ್ಟರೆ ಉಳಿದ ನಾಲ್ಕು ಲಕ್ಷ ಜನ ಎಲ್ಲಿಗೆ ಹೋಗಬೇಕು? ಅದಕ್ಕೆ ಕೇಳುತ್ತಿದ್ದೇನೆ, ಬೇಡುತ್ತಿದ್ದೇನೆ ಎಂದೇ ಓದಿಕೊಳ್ಳಿ. ಶುಕ್ರವಾರದೊಳಗೆ ಆ ಯಂತ್ರವನ್ನು ಇಳಿಸಿ ಶಾಲೆಯ ಅಂಗಳದಲ್ಲಿ, ಮಕ್ಕಳ ಮೂಗಿನ ಎತ್ತರಕ್ಕೆ ನಿಲ್ಲಿಸಿ. ಆ ಐದು ದಿನ ಇಟ್ಟಿಗೆ ಗೂಡುಗಳನ್ನು ಆರಿಸಿ, ಲಾರಿಗಳನ್ನು ಊರ ಹೊರಗೇ ತಡೆಯಿರಿ, ಮಕ್ಕಳನ್ನು ಒಳಗೆ ಕೂರಿಸಿ. ಸಂಖ್ಯೆ ಕೆಟ್ಟದಾಗಿ ಬರುತ್ತದೆ, ನಿಮಗೆ ಮುಜುಗರವಾಗುತ್ತದೆ, ಗೊತ್ತು. ಮುಜುಗರಕ್ಕೆ ಆಮ್ಲಜನಕದ ಕೊಳವೆ ಬೇಕಾಗುವುದಿಲ್ಲ.

ಮಂಗಳವಾರದಿಂದ ನಾನು ಆ ಗಾಜನ್ನು ಒರೆಸಿಲ್ಲ. ಆದರೂ ಅದು ಹೊಳೆಯುತ್ತಲೇ ಇದೆ, ಬಂದು ನೋಡಿ. ಗುರುವಾರ ಬೆಳಗಿನ ಮೊದಲ ಕ್ಯಾಬಿನ್ನನ್ನು ನಿಮಗಾಗಿ ಖಾಲಿ ಇಟ್ಟಿರುತ್ತೇನೆ. ಮೇಲಕ್ಕೆ ಒಯ್ಯುವಾಗ ಸುತ್ತಿದ್ದ ಕಂಬಳಿ ನನ್ನ ಬಳಿ ಇನ್ನೂ ಇದೆ, ಆದರೆ ಈ ಸಲ ಅದನ್ನು ಸುತ್ತುವುದಿಲ್ಲ. ಐದನೇ ಕಂಬದಿಂದ ಕೆಳಗೆ ಇಳಿಯುವಾಗ ನಾವು ಏನು ಉಸಿರಾಡುತ್ತೇವೋ ಅದನ್ನು ನಿಮ್ಮ ಯಂತ್ರವೂ ಉಸಿರಾಡಲಿ.

ಇಂತಿ,
ನಿಮ್ಮ ಯಂತ್ರಕ್ಕೆ ಮೂರು ವರ್ಷ ಧೂಳು ತಾಗದಂತೆ ಕಾಯ್ದ,
ಮಗಳನ್ನು ಕಾಯಲಾಗದ
ರೋಪ್‌ವೇ ಚಾಲಕ