ಗಾಳಿಕೇರಿಯ ನಾನೂರ ಎಂಬತ್ತೇಳು ಮಂದಿ

ಗಾಳಿಕೇರಿ, ಚಿತ್ರದುರ್ಗ ಸೀಮೆ
೩೦ ಫೆಬ್ರವರಿ ೨೧೭೩

ಮಾನ್ಯ ಟೀಚರಮ್ಮನವರಿಗೆ,

ತಾರೀಖು ತಪ್ಪಾಗಿದೆ ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ವರ್ಷದ ಕೊನೆಯಲ್ಲಿ ಬೇರೆಯಾಗಿ ಇಟ್ಟಿದ್ದಾರೆ. ನನ್ನ ಕನ್ನಡದಲ್ಲೂ ನಿಮಗೆ ಗುರುತು ಸಿಗದ ಮಾತುಗಳು ಬರಬಹುದು. ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ, ಕ್ಷಮಿಸಿ. ನಿಮ್ಮ ಹೆಸರು ನನಗೆ ತಿಳಿಯದು. ನೂರೈವತ್ತು ವರ್ಷದ ಹಿಂದೆ ಶಾಲೆಯ ಪಾಠ ಮುಗಿಸಿಕೊಂಡು, ಮನೆಮನೆಗೆ ಹೋಗಿ ಜನಗಣತಿ ಮಾಡಿದವರಲ್ಲಿ ನೀವೂ ಒಬ್ಬರು ಎಂಬುದಷ್ಟೇ ಗೊತ್ತು. ನಾನೂ ಅದೇ ಕೆಲಸದವಳು. ಹೆಸರು ಜಯಶೀಲಾ. ಇಲ್ಲಿನ ತಲೆಪಟ್ಟಿ ಕಚೇರಿಯಲ್ಲಿದ್ದೇನೆ. ತಲೆಪಟ್ಟಿ ಎಂದರೆ ಊರಿನಲ್ಲಿ ಹುಟ್ಟಿದವರು, ಬಂದವರು, ಹೋದವರು, ಸತ್ತವರು ಎಲ್ಲರನ್ನೂ ಬರೆದಿಡುವ ದಫ್ತರ.

ಗಾಳಿಕೇರಿ ನಿಮ್ಮ ನಕಾಶೆಯಲ್ಲಿ ಇರಲಾರದು. ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿಕೊಳ್ಳುವವರಿಗಾಗಿ ಕಟ್ಟಿದ ಊರು ಇದು. ಮನೆಗಳು ಅರ್ಧ ನೆಲದೊಳಗಿವೆ, ಮೇಲೆ ಕಲ್ಲುಚಪ್ಪಡಿ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಬಿಸಿಲುಬಿಡುವು. ಆಗ ಬೀದಿಯಲ್ಲಿ ಯಾರೂ ನಡೆಯುವಂತಿಲ್ಲ, ಯಂತ್ರದ ಮೇಲೇರಿದವರು ಅಲ್ಲಿಯೇ ನೆರಳಿನ ಗೂಡಿನಲ್ಲಿ ಕೂತಿರಬೇಕು. ಎಪ್ಪತ್ತೈದು ವರ್ಷದ ಹಿಂದೆ, ದಕ್ಷಿಣ ಚೀನಾದ ನದೀಮುಖದ ಹೊಲಗದ್ದೆಗಳಿಗೆ ಸಮುದ್ರ ನುಗ್ಗಿದಾಗ, ಸಾವಿರದಷ್ಟು ಕುಟುಂಬಗಳು ಈ ಕೆಲಸಕ್ಕೆಂದು ಇಲ್ಲಿಗೆ ಬಂದವು. ಅವರ ಮಾತು ಹೊಯ್ಸಾನ್. ಅಕ್ಕಿ ಸಿಗದ ಈ ನೆಲದಲ್ಲಿ ನವಣೆ ಹಿಟ್ಟಿನ ಶಾವಿಗೆ ಹೊಸೆದು, ಹುಣಸೆ ಚಿಗುರಿನ ಸಾರಿಗೆ ಹಾಕಿ ಉಣ್ಣುವುದನ್ನು ಕಲಿತರು. ಏಪ್ರಿಲ್‌ನಲ್ಲಿ ಗುಡ್ಡದ ಇಳಿಜಾರಿನ ಸಮಾಧಿಗಳನ್ನು ಗುಡಿಸಿ ಸಾರಿಸುತ್ತಾರೆ. ಹೊಸ ವರ್ಷಕ್ಕೆ ಬಾಗಿಲಿಗೆ ಅಂಟಿಸುವ ಕೆಂಪು ಕಾಗದದ ಮೇಲೆ ಈಗ ಕನ್ನಡ ಅಕ್ಷರ ಬರೆಯುತ್ತಾರೆ. ಮಕ್ಕಳಿಗೆ ಈ ಸೀಮೆಯ ಹೆಸರುಗಳನ್ನೇ ಇಟ್ಟಿದ್ದಾರೆ.

ನನ್ನ ಮುಂದೆ ನಾಲ್ಕು ಗಣತಿಯ ಪಟ್ಟಿಗಳಿದ್ದವು. ೨೧೪೧ರಲ್ಲಿ ಮನೆಮಾತು ಹೊಯ್ಸಾನ್ ಎಂದವರು ನಾಲ್ಕು ಸಾವಿರದ ನೂರ ಇಪ್ಪತ್ತಾರು. ಆಮೇಲೆ ಎರಡು ಸಾವಿರದ ಚಿಲ್ಲರೆ, ಆಮೇಲೆ ಒಂದು ಸಾವಿರ. ನಾನೇ ಮನೆಮನೆ ತಿರುಗಿದ ೨೧೭೧ರಲ್ಲಿ ನಾನೂರ ಎಂಬತ್ತೇಳು. ಅದೇ ಪಟ್ಟಿಗಳಲ್ಲಿ ಮೂಲ ಯಾವುದು ಎಂಬ ಕಾಲಂ ನೋಡಿದರೆ ಚೀನಿಯರ ಸಂಖ್ಯೆ ಏರುತ್ತಲೇ ಹೋಗಿತ್ತು. ಮೊದಲು ಇದು ಒಗಟೆನಿಸಿತು. ಹುಟ್ಟು ಸಾವಿನ ದಾಖಲೆಗಳನ್ನು ಪಕ್ಕಕ್ಕಿಟ್ಟುಕೊಂಡು ಕೂತಾಗ ತಿಳಿಯಿತು. ಹಳಬರು ಯಾರೂ ಊರು ಬಿಟ್ಟಿರಲಿಲ್ಲ. ಅದೇ ಮನೆಗಳಲ್ಲಿ ಅದೇ ಜನ ಮನೆಮಾತಿನ ಕಾಲಂನಲ್ಲಿ ಕನ್ನಡಕ್ಕೆ ದಾಟಿದ್ದರು. ಇನ್ನೊಂದು ಕಡೆಯಿಂದ, ಬ್ಯಾಟರಿ ಕಾರ್ಖಾನೆಗೆ ಉತ್ತರ ಚೀನಾದ ಎಂಜಿನಿಯರುಗಳು ಸಂಸಾರ ಸಮೇತ ಬಂದಿದ್ದರು. ಅವರ ಮಾತು ಮ್ಯಾಂಡರಿನ್. ನಮ್ಮ ಪಟ್ಟಿಗೆ ಇಬ್ಬರೂ ಚೀನಿಯರೇ. ಇವರು ಅವರ ಮನೆಗೆ ಹೋದದ್ದಿಲ್ಲ, ಅವರು ಇವರ ಸಮಾಧಿಗೆ ಬಂದದ್ದಿಲ್ಲ. ಇದನ್ನೆಲ್ಲ ನಕ್ಷೆ ಮಾಡಿ ಮೇಲಿನವರಿಗೆ ತೋರಿಸಿದೆ. ಚೆನ್ನಾಗಿದೆ ಎಂದರು. ನನಗೆ ಸಂತೋಷವಾಯಿತು. ಆ ಸಂತೋಷ ನೆನಪಿದೆ, ಯಾಕೆಂದರೆ ಆಮೇಲೆ ಅಂಥದ್ದೇನೂ ಆಗಲಿಲ್ಲ.

ಗಣತಿಯ ವೇಳೆ ಲಾವ್ ತಿಪ್ಪೇಶನ ಮನೆಗೆ ಹೋಗಿದ್ದೆ. ತಿಪ್ಪೇಶ ಗಾಳಿಯಂತ್ರದ ಮೆಕ್ಯಾನಿಕ್, ವಯಸ್ಸು ಮೂವತ್ತೆಂಟು. ಮನೆಯಲ್ಲಿ ಅವನು, ಅವನ ತಂಗಿ, ಅವನ ಇಬ್ಬರು ಹೆಣ್ಣುಮಕ್ಕಳು, ಮತ್ತೆ ಅಜ್ಜಿ ಮಾಕ್ ಸಾವ್‌ಫಂಗ್. ಕೇರಿಯವರಿಗೆ ಆಕೆ ಮಾಕಮ್ಮ. ಎಂಟನೆಯ ವಯಸ್ಸಿನಲ್ಲಿ ಇಲ್ಲಿಗೆ ಬಂದವಳು, ಸಂತೆಯಲ್ಲಿ ನನ್ನ ತಾಯಿಯ ಜೊತೆ ಕನ್ನಡದಲ್ಲೇ ಜಗಳ ಆಡುತ್ತಿದ್ದವಳು. ಎಪ್ಪತ್ತೈದು ದಾಟಿದ ಮೇಲೆ ಮರೆವು ಶುರುವಾಗಿ, ಆಕೆಯ ಕನ್ನಡ ಸ್ವಲ್ಪಸ್ವಲ್ಪವಾಗಿ ಉದುರಿಹೋಯಿತು. ಹುಟ್ಟಿನ ಮಾತು ಮಾತ್ರ ಉಳಿಯಿತು. ನಾನು ಬಾಗಿಲಲ್ಲಿ ನಿಂತಿದ್ದಾಗ ಒಳಗಿನಿಂದ ಆಕೆ ಮರಿಮೊಮ್ಮಕ್ಕಳಿಗೆ ಏನೋ ಹೇಳುತ್ತಿದ್ದದ್ದೂ, ಆ ಹುಡುಗಿಯರು ಅದೇ ಮಾತಿನಲ್ಲಿ ಉತ್ತರ ಕೊಡುತ್ತಿದ್ದದ್ದೂ ನನಗೆ ಕೇಳಿಸುತ್ತಿತ್ತು.

"ಮನೆಮಾತು?" ಎಂದೆ.

"ಕನ್ನಡ ಅಂತ ಬರ್ಕಳಕ್ಕ," ಎಂದ ತಿಪ್ಪೇಶ. "ಐದೂ ಜನಕ್ಕೂ."

"ಅಜ್ಜಿಗೂ?"

"ಅಜ್ಜಿಗೂ. ಅದ್ಯಾಕೆ ಬೇರೆ ಮಾಡ್ತೀಯ?"

ಯಾಕೆ ಹಾಗೆಂದ ಎಂದು ನನಗೆ ಗೊತ್ತಿತ್ತು. ಮೂವತ್ತು ವರ್ಷದ ಹಿಂದೆ, ಗಡಿಯಲ್ಲಿ ಗಲಾಟೆಯಾದಾಗ, ಇದೇ ಬಗೆಯ ಒಂದು ಪಟ್ಟಿ ಹಿಡಿದುಕೊಂಡು ಬಂದು ಈ ಕೇರಿಯವರನ್ನು ಒಂದು ಹಳೆಯ ಹತ್ತಿ ಗಿರಣಿಯಲ್ಲಿ ಹನ್ನೊಂದು ತಿಂಗಳು ಕೂಡಿಹಾಕಿದ್ದರು. ತಿಪ್ಪೇಶನ ತಾತ ಅಲ್ಲಿಂದ ಹೊರಗೆ ಬರಲಿಲ್ಲ. ಅಂದಿನಿಂದ ಈ ಮನೆಗಳಲ್ಲಿ ಯಾರಾದರೂ ಪುಸ್ತಕ ಹಿಡಿದು ಬಂದರೆ ಕೊಡುವ ಉತ್ತರ ಒಂದೇ. ನಾನು ಐದು ಸಾಲಿನಲ್ಲೂ ಕನ್ನಡ ಎಂದು ಬರೆದೆ. ಜನ ಹೇಳಿದ್ದನ್ನೇ ಬರೆಯಬೇಕು ಎಂಬುದು ನಿಯಮ. ಪಕ್ಕದ ಮನೆಯಲ್ಲೂ ಹಾಗೆಯೇ ಬರೆದೆ, ಅದರ ಪಕ್ಕದ ಮನೆಯಲ್ಲೂ.

ಇನ್ನೊಂದು ನಿಯಮವೂ ಇತ್ತು. ಒಂದು ಮಾತನ್ನು ಆಡುವವರು ಐನೂರಕ್ಕಿಂತ ಕಡಿಮೆಯಾದರೆ ಆ ಮಾತಿನ ನಡುನುಡಿಗಾರರನ್ನು ತೆಗೆದು, ಆ ಜನರನ್ನು ಹತ್ತಿರದ ದೊಡ್ಡ ಗುಂಪಿಗೆ ಸೇರಿಸುತ್ತಾರೆ. ನಡುನುಡಿಗಾರರು ಎಂದರೆ ಆಸ್ಪತ್ರೆಯಲ್ಲಿ ರೋಗಿಗೂ ಡಾಕ್ಟರಿಗೂ ನಡುವೆ ನಿಂತು ಮಾತು ತಿಳಿಸುವವರು. ಹದಿಮೂರು ಜನ ಕಡಿಮೆ ಬಿದ್ದಿದ್ದರು. ೨೧೭೨ರ ಜೂನ್‌ನಲ್ಲಿ ಹೊಯ್ಸಾನ್ ಬಲ್ಲವರನ್ನು ಗಾಳಿಕೇರಿಯ ಆಸ್ಪತ್ರೆಯಿಂದ ತೆಗೆದರು. ಮ್ಯಾಂಡರಿನ್ ಬಲ್ಲ ಸುನ್ ಯಾಲಿ ಎಂಬ ಹುಡುಗಿ ಬಂದಳು. ಇಪ್ಪತ್ತಾರು ವರ್ಷ, ಉತ್ತರದ ಹಾರ್ಬಿನ್ ಊರಿನವಳು, ಅಪ್ಪ ಕಾರ್ಖಾನೆಯಲ್ಲಿ. ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು: ಚೀನಿ ರೋಗಿಗಳು, ಅವರಿಗೆ ಒಬ್ಬಳು ಚೀನಿ.

ಆಗಸ್ಟ್‌ನ ಒಂದು ಭಾನುವಾರ ಬೆಳಿಗ್ಗೆ ಮಾಕಮ್ಮನಿಗೆ ಹುಷಾರು ತಪ್ಪಿತು. ತಿಪ್ಪೇಶ ಯಂತ್ರದ ಮೇಲಿದ್ದ, ತಂಗಿ ಮಕ್ಕಳನ್ನು ಕರೆದುಕೊಂಡು ಹಿರಿಯೂರಿಗೆ ಹೋಗಿದ್ದಳು. ಎದುರು ಮನೆಯ ಕನ್ನಡದವರು ಆಕೆಯನ್ನು ಆಸ್ಪತ್ರೆಗೆ ಮುಟ್ಟಿಸುವಷ್ಟರಲ್ಲಿ ಬಿಸಿಲುಬಿಡುವಿನ ಗಂಟೆ ಹೊಡೆಯಿತು. ಬಾಗಿಲುಗಳು ಮುಚ್ಚಿದವು. ಡಾಕ್ಟರು ಎಲ್ಲಿ ನೋವು ಎಂದು ಕೇಳಿದರು. ಮಾಕಮ್ಮ ಹೇಳಿದಳು. ಒಂದೇ ಮಾತನ್ನು ಮತ್ತೆಮತ್ತೆ ಹೇಳಿದಳು. ಯಾಲಿಗೆ ಅರ್ಥವಾಗಲಿಲ್ಲ. ಮಾತನ್ನು ಕನ್ನಡಕ್ಕೆ ತಿರುಗಿಸುವ ಗೋಡೆಯ ಮೇಲಿನ ಮಾತುಯಂತ್ರವೂ ಅದನ್ನು ಮ್ಯಾಂಡರಿನ್ ಎಂದೇ ತಿಳಿದು ಊಟ ಬೇಡವಂತೆ ಎಂದು ಹೇಳಿತು. ಅಜೀರ್ಣದ ಔಷಧಿ ಕೊಟ್ಟು ಮಲಗಿಸಿದರು. ಮೂರು ಗಂಟೆಗೆ ಆಕೆ ತೀರಿಕೊಂಡಳು. ಹೃದಯದ ತೊಂದರೆ ಎಂದು ಆಮೇಲೆ ತಿಳಿಯಿತು.

ಸಾವು ಬರೆದುಕೊಳ್ಳಲು ನಾಲ್ಕೂವರೆಗೆ ನಾನು ಹೋದೆ. ತಿಪ್ಪೇಶ ಆಗತಾನೆ ಬಂದಿದ್ದ. ಸೊಂಟದ ಪಟ್ಟಿ ಬಿಚ್ಚಿರಲಿಲ್ಲ, ಅದರ ಕೊಕ್ಕೆಗಳು ಮಂಚಕ್ಕೆ ತಗುಲಿ ಸದ್ದು ಮಾಡುತ್ತಿದ್ದವು. ಯಾಲಿ ಗೋಡೆಗೆ ಒರಗಿ ನಿಂತಿದ್ದಳು. ನನ್ನನ್ನು ಕಂಡು, "ಅಕ್ಕಾ, ನನಗೆ ಅವರ ಒಂದು ಮಾತೂ ಗೊತ್ತಾಗಲಿಲ್ಲ," ಎಂದಳು. "ಎಲ್ಲರೂ ನನ್ನ ಮುಖಾನೇ ನೋಡ್ತಾ ಇದ್ರು. ಗೊತ್ತಿಲ್ಲ ಅಂದ್ರೆ ನಂಬಲಿಲ್ಲ."

ತಿಪ್ಪೇಶ ತಲೆ ಎತ್ತಿ, "ಏನಂದ್ಲು ಅಜ್ಜಿ?" ಎಂದು ಕೇಳಿದ.

ಯಾಲಿ ಕಣ್ಣು ಮುಚ್ಚಿಕೊಂಡು, ತನಗೆ ಅರ್ಥವಾಗದ ಆ ಮಾತನ್ನು ಕೇಳಿಸಿಕೊಂಡಿದ್ದ ಹಾಗೆಯೇ ಹೇಳಿದಳು. ಐದು ಗಂಟೆಯ ಹೊತ್ತು ಕೇಳಿಕೇಳಿ ಅದು ಅವಳಿಗೆ ಬಾಯಿಪಾಠವಾಗಿತ್ತು. ತಿಪ್ಪೇಶ ಇನ್ನೊಮ್ಮೆ ಹೇಳಿಸಿದ. ಆಮೇಲೆ ಡಾಕ್ಟರ ಕಡೆ ತಿರುಗಿ, ಜೋರು ಮಾಡದೆ, "ಬೆನ್ನಿನ ಮ್ಯಾಲೆ ಕಲ್ಲು ಹೇರಿದಂಗೈತೆ, ಯಾರಾದ್ರೂ ತಗೀರಪ್ಪ ಅಂದೈತೆ ಸಾರ್," ಎಂದ.

ನಾನು ಪತ್ರ ತುಂಬಲು ಕೂತೆ. ಮೃತರ ಮನೆಮಾತು ಎಂಬ ಸಾಲಿನಲ್ಲಿ ಕನ್ನಡ ಎಂದು ಆಗಲೇ ಅಚ್ಚಾಗಿತ್ತು. ನನ್ನದೇ ದಾಖಲೆಯಿಂದ ಬಂದಿತ್ತು. ಅದರ ಕೆಳಗೆ ರುಜು ಹಾಕಿದೆ. ಅಳು ಬರಲಿಲ್ಲ. ಮನೆಗೆ ಹೋಗಿ ಸಾರು ಬಿಸಿ ಮಾಡಿಕೊಂಡು ಉಂಡೆ, ಬಟ್ಟೆ ಮಡಿಸಿಟ್ಟೆ. ಈಗ ಬರೆಯುವಾಗಲೂ ಎದೆಯಲ್ಲಿ ಏನೂ ಅಲುಗುತ್ತಿಲ್ಲ. ಇದನ್ನು ಬಡಿವಾರಕ್ಕೆ ಹೇಳುತ್ತಿಲ್ಲ. ಇದ್ದದ್ದು ಹೀಗೆ.

ಒಂಬತ್ತು ದಿನದ ಮೇಲೆ ತಿಪ್ಪೇಶ ಕಚೇರಿಗೆ ಬಂದ. "ಈಗ ಬರ್ಕಳಕ್ಕ. ಹೊಯ್ಸಾನ್, ನಾಲ್ಕು ಜನ," ಎಂದ. ಗಣತಿ ಮುಚ್ಚಿದೆ, ಇನ್ನು ೨೧೮೧ಕ್ಕೇ ಎಂದೆ. ಅವನು ಎದ್ದು ಹೋಗಲಿಲ್ಲ. "ಐನೂರು ಬೇಕು ಅಂತ ನಂಗೆ ಯಾರೂ ಹೇಳ್ಲಿಲ್ಲ," ಎಂದ. ನಿಜ. ನಾನು ಹೇಳಿರಲಿಲ್ಲ. ಹೇಳಬಾರದೆಂದು ಯಾವ ನಿಯಮವೂ ಇರಲಿಲ್ಲ. ಬಿಸಿಲೇರುವ ಮೊದಲು ಇನ್ನೂ ಎಷ್ಟೋ ಮನೆ ಮುಗಿಸಬೇಕಿತ್ತು, ಅಷ್ಟೇ.

ಒಂದು ಬಿಳಿ ಹಾಳೆ ತೆಗೆದು ನಾಲ್ಕು ಹೆಸರು ಬರೆದುಕೊಂಡೆ. ಮಾರನೆಯ ದಿನದಿಂದ ಕೆಲಸಕ್ಕೆ ಮೊದಲು, ಬೆಳಿಗ್ಗೆ ಆರಕ್ಕೆ, ಮತ್ತೆ ಕೇರಿಗೆ ಹೋಗತೊಡಗಿದೆ. ಮೊದಲ ವಾರ ತಿಪ್ಪೇಶನೂ ಜೊತೆಗೆ ಬಂದ. ಪ್ರತಿ ಮನೆಯಲ್ಲೂ ಮೊದಲು ಈ ಪಟ್ಟಿ ಯಾವುದಕ್ಕೆ, ಯಾರು ನೋಡುತ್ತಾರೆ, ಯಾವುದಕ್ಕೆ ಬಳಸುವಂತಿಲ್ಲ ಎಂದು ಹೇಳಿದೆವು. ಕೆಲವರು ಬಾಗಿಲು ಹಾಕಿಕೊಂಡರು. ಹತ್ತಿ ಗಿರಣಿಯಲ್ಲಿದ್ದು ಬಂದ ಒಬ್ಬ ಮುದುಕರು ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ಪೂರಾ ಓದಿ, ವಾಪಸು ಕೊಟ್ಟು, "ನನ್ನ ಹೆಸರು ಬ್ಯಾಡ," ಎಂದರು. ಅದನ್ನೂ ಒಪ್ಪಿಕೊಂಡೆ. ನವೆಂಬರ್ ಹೊತ್ತಿಗೆ, ಗಣತಿಯಲ್ಲಿ ಮೊದಲೇ ಬರೆಸಿದ್ದವರೂ ಸೇರಿ, ಐನೂರ ಅರವತ್ತೊಂದು ಜನ ಆದರು. ಚೀನಿ ಎಂಬ ಒಂದು ಕಾಲಂ ಸಾಲದು, ಯಾವ ಊರಿನಿಂದ, ಯಾವ ವರ್ಷ, ಮನೆಯಲ್ಲಿ ಹಿರಿಯರ ಜೊತೆ ಯಾವ ಮಾತು ಎಂದು ಬಿಡಿಸಿ ಕೇಳಬೇಕು ಎಂದು ವರದಿ ಬರೆದೆ. ಯಾಲಿಯೂ ತನಗೆ ಹೊಯ್ಸಾನ್ ಬಾರದು ಎಂದು ಬರೆದು ರುಜು ಹಾಕಿದಳು.

ಜನವರಿಯಲ್ಲಿ ಉತ್ತರ ಬಂತು. ಹೊಯ್ಸಾನ್ ನಡುನುಡಿಗಾರ್ತಿಯನ್ನು ಮತ್ತೆ ಕೊಟ್ಟಿದ್ದಾರೆ, ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ. ಕಾಲಂಗಳ ವಿಷಯ ಪರಿಶೀಲನೆಯಲ್ಲಿದೆಯಂತೆ. ತಿಪ್ಪೇಶನಿಗೆ ಓದಿ ಹೇಳಿದೆ. "ಹೂಂ," ಎಂದು ಕೆಲಸಕ್ಕೆ ಹೋದ.

ಟೀಚರಮ್ಮ, ನಿಮ್ಮ ಕಾಲದ ಗಣತಿ ಪಟ್ಟಿಗಳು ನಮ್ಮಲ್ಲಿ ಜೋಪಾನವಾಗಿವೆ. ನಿಮ್ಮ ದೊಡ್ಡ ಊರುಗಳಲ್ಲೂ ಹಲ್ಲಿನ ಡಾಕ್ಟರೋ ಚಪ್ಪಲಿ ಹೊಲಿಯುವವರೋ ಆದ ಚೀನೀ ಮನೆತನಗಳು ಒಂದೆರಡು ಇದ್ದಿರಬಹುದು. ನನಗೆ ಸಿಗುವುದು ಒಂದು ಅಂಕಿ. ಆ ಮನೆಯವರು ಒಬ್ಬರಿಗೊಬ್ಬರು ಏನು ಮಾತಾಡಿಕೊಂಡರು, ಯಾವ ಪ್ರಶ್ನೆಗೆ ಹೆದರಿ ಯಾವ ಉತ್ತರ ಕೊಟ್ಟರು ಎಂಬುದು ಅಂಕಿಯಿಂದ ತಿಳಿಯುವುದಿಲ್ಲ. ಅಂಕಿಗಳನ್ನು ದೂರುತ್ತಿಲ್ಲ. ಈ ಕೇರಿ ಹೇಗೆ ಬದಲಾಯಿತು ಎಂದು ನನಗೆ ತೋರಿಸಿಕೊಟ್ಟದ್ದು ಅವೇ.

ಒಂದೇ ಕೋರಿಕೆ. ನಾಳೆ ಯಾರದೋ ಬಾಗಿಲು ತಟ್ಟುತ್ತೀರಿ. ನಿಮಗೂ ಹೊತ್ತಾಗಿರುತ್ತದೆ, ಕಾಲು ನೋಯುತ್ತಿರುತ್ತದೆ. ಅವರು ಏನು ಹೇಳುತ್ತಾರೋ ಅದನ್ನೇ ಬರೆಯಿರಿ, ತಿದ್ದಬೇಡಿ. ಆದರೆ ಬರೆಯುವ ಮೊದಲು ಎರಡು ನಿಮಿಷ ಕೂತು, ಆ ಉತ್ತರದಿಂದ ಅವರಿಗೆ ಏನು ಸಿಗುತ್ತದೆ, ಏನು ತಪ್ಪುತ್ತದೆ ಎಂದು ತಿಳಿಸಿ ಹೇಳಿ. ಆಮೇಲೂ ಅವರು ಬೇಡ ಎಂದರೆ, ಅದು ಅವರ ಉತ್ತರ.

ಬಿಸಿಲುಬಿಡುವಿನ ಗಂಟೆ ಹೊಡೆಯುತ್ತಿದೆ, ಕಿಟಕಿ ಮುಚ್ಚಬೇಕು. ಬರುತ್ತೇನೆ.

ಜಯಶೀಲಾ
ತಲೆಪಟ್ಟಿ ಕಚೇರಿ, ಗಾಳಿಕೇರಿ